ಬಿಳಿ ಪಂಚೆಯಲ್ಲಿ ಹೊಗೆ ಹಿಡಿಯುವ ಬಚ್ಚಪ್ಪ

ಬೆಳಗಿನ ಐದೂಮುಕ್ಕಾಲು. ಕೆಜಿಎಫ್‌ನ ಆಂಡರ್ಸನ್‌ಪೇಟೆಯಲ್ಲಿ ಹಾಲಿನ ಗಾಡಿ ಬಿಟ್ಟರೆ ಬೇರೇನೂ ಓಡಾಡುತ್ತಿಲ್ಲ. ತಗಡಿನ ಶೆಡ್ಡೊಂದರ ಮುಂದೆ ಐವತ್ತೈದರ ಆಸುಪಾಸಿನ ಒಬ್ಬರು ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಕೈಯಲ್ಲಿ ಮುರಿದ ಜರಡಿಯ ಬಳೆ, ಬಳೆಗೆ ಬಿಗಿದು ಕಟ್ಟಿದ ಬಿಳಿ ಬಟ್ಟೆ. ಎದುರಿಗೆ ಅರವತ್ತು ವರ್ಷ ದಾಟಿದ ಒಂದು ಪೆಟ್ರೋಲ್ ವ್ಯಾನು. ಎಂಜಿನ್ ಓಡುತ್ತಿದೆ. ಸೈಲೆನ್ಸರ್‌ನ ಬಾಯಿಗೆ ಒಂದು ಗೇಣು ದೂರದಲ್ಲಿ ಬಟ್ಟೆ ಹಿಡಿದುಕೊಂಡು ಅವರು ತಮಿಳಿನಲ್ಲಿ ಎಣಿಸುತ್ತಿದ್ದಾರೆ. ಒಣ್ಣು, ರೆಂಡು, ಮೂಣು... ನೂರು ಮಾತ್ರ ಎರಡೂ ಭಾಷೆಯಲ್ಲಿ ಒಂದೇ. ನೂರಕ್ಕೆ ಕೈ ಕೆಳಗಿಳಿಸಿ, ಸೊಂಟ ಹಿಡಿದುಕೊಂಡು, ಎರಡು ಕಂತಿನಲ್ಲಿ ಮೇಲೇಳುತ್ತಾರೆ.

"ಮೊದಲ್ನೇ ದಿನ ಇಷ್ಟಗಲ ಕಪ್ಪಿತ್ತು ಸಾರ್, ದೋಸೆ ಕಾವಲಿ ತಳದಂಗೆ," ಎಂದು ಬಟ್ಟೆಯನ್ನು ಬೀದಿದೀಪಕ್ಕೆ ಹಿಡಿದು ತೋರಿಸುತ್ತಾರೆ. "ಇವತ್ತು ನಾಕಾಣೆ ಬಿಲ್ಲೆಯಷ್ಟು. ಅದೂ ಕಪ್ಪಲ್ಲ, ಬೂದಿ. ಇನ್ನೊಂದು ಚೂರು ಓಗ್ಬೇಕು."

ಬಟ್ಟೆಯ ಮೂಲೆಯಲ್ಲಿ ಪೆನ್ಸಿಲ್ಲಿನಿಂದ ತಾರೀಕು ಬರೆದು ಶೆಡ್ಡಿನೊಳಗಿನ ಹಗ್ಗಕ್ಕೆ ಸಿಕ್ಕಿಸುತ್ತಾರೆ. ಆ ಹಗ್ಗದ ಮೇಲೆ ಈಗ ಹದಿನಾರು ಬಟ್ಟೆಗಳು. ಎಡಗಡೆಯ ತುದಿಯದು ಹೆಚ್ಚುಕಡಿಮೆ ಇದ್ದಿಲು. ಬಲಕ್ಕೆ ಬರಬರುತ್ತ ತಿಳಿಯಾಗಿವೆ. ಇದು ಬಚ್ಚಪ್ಪನವರ ಆರು ವಾರದ ದುಡಿಮೆ.

ನಿಜ ಹೇಳಬೇಕೆಂದರೆ ನಾನು ಈ ಕಡೆ ಬಂದದ್ದು ಬೇರೆ ಕೆಲಸಕ್ಕೆ. ಬಂಗಾರಪೇಟೆಯಲ್ಲಿ ಹಳೆಯ ಕಾರುಗಳನ್ನು ಇಟ್ಟುಕೊಂಡವರ ಒಂದು ಸಣ್ಣ ಕೂಟ ನಡೆದಿತ್ತು. ಪಾಲಿಶ್ ಮಾಡಿ ಮಿರಿಮಿರಿ ಮಿಂಚಿಸಿದ ಕಾರುಗಳು, ಅವುಗಳಿಗೆ ಒರಗಿ ನಿಂತ ಯಜಮಾನರು, ಫೋಟೋ. ಅವರಲ್ಲೊಬ್ಬರು ಎದೆಯುಬ್ಬಿಸಿ, "ನಮ್ಮ ಗಾಡಿ ಹೊಗೆ ಬಿಡಲ್ಲ ನೋಡಿ. ಇದು ಪರಿಸರಸ್ನೇಹಿ," ಎಂದರು. ಹೇಗೆ ಸಾಧ್ಯವಾಯಿತು ಎಂದು ಕೇಳಿದೆ. "ಆಂಡರ್ಸನ್‌ಪೇಟೇಲಿ ಒಬ್ಬ ಇದ್ದಾನೆ, ಏನೋ ಮಾಡ್ತಾನೆ," ಎಂದರು. ಹೆಸರು ಕೇಳಿದರೆ ತಲೆ ಕೆರೆದುಕೊಂಡರು. ನನಗೆ ಸಿಟ್ಟು ಬಂತು. ಆ ಏನೋ ಮಾಡುವವರನ್ನು ಹುಡುಕಿಕೊಂಡು ಬಂದೆ. ನಿನ್ನೆ ಮಧ್ಯಾಹ್ನ ನಾನು ಬಂದ ಬಾಡಿಗೆ ಕಾರನ್ನು ಅವರು ಬೀದಿಯ ತುದಿಯಲ್ಲೇ ನಿಲ್ಲಿಸಿದರು. "ಅಲ್ಲೇ ಆಫ್ ಮಾಡ್ಸಿ ಸಾರ್, ನಡ್ಕಂಡು ಬನ್ನಿ," ಎನ್ನುವುದು ಅವರು ನನ್ನೊಡನೆ ಆಡಿದ ಮೊದಲ ಮಾತು.

ಕಾರಣ ಶೆಡ್ಡಿನ ಪಕ್ಕದಲ್ಲಿದೆ. ಅಲ್ಲೊಂದು ಅಂಗನವಾಡಿ. ನಡುವೆ ಎಂಟಡಿಯ ಓಣಿ. ಅಂಗನವಾಡಿಯ ಗೋಡೆಯಲ್ಲಿ ಶೆಡ್ಡಿನ ಕಡೆಗೆ ಒಂದು ಹಸಿರು ಬಣ್ಣದ ಮರದ ಕಿಟಕಿ ಇದೆ. ಗಾಳಿ ಬರುವುದು ಆ ದಿಕ್ಕಿನಿಂದ ಮಾತ್ರ. ಮೂರು ವರ್ಷದಿಂದ ಆ ಕಿಟಕಿ ಮುಚ್ಚಿದೆ. ಮುಚ್ಚಿದ್ದು ಬಚ್ಚಪ್ಪನವರ ಒಂದು ತಪ್ಪಿನಿಂದ. ಅದು ಮತ್ತೆ ತೆರೆಯಬೇಕು ಎನ್ನುವುದೊಂದೇ ಈಗ ಅವರ ತಲೆಯಲ್ಲಿ ಕೂತಿರುವುದು.

ಬಚ್ಚಪ್ಪ ಇಲ್ಲಿಂದ ನಾಲ್ಕು ಕಿಲೋಮೀಟರ್ ದೂರದ ಹಳ್ಳಿಯವರು. ಎರಡು ಎಕರೆ ರಾಗಿ ಹೊಲ, ಎರಡು ಸೀಮೆಹಸು. ಹೊಲ, ಹಸು ಎರಡನ್ನೂ ನೋಡಿಕೊಳ್ಳುವವರು ಹೆಂಡತಿ ಮಂಗಮ್ಮ. ಬಚ್ಚಪ್ಪ ಹತ್ತೊಂಬತ್ತನೇ ವಯಸ್ಸಿಗೆ ಗಣಿಯ ಮೋಟಾರು ಶೆಡ್ಡಿಗೆ ಹೆಲ್ಪರ್ ಆಗಿ ಸೇರಿದರು. ಅಲ್ಲಿ ಆರುಮುಗಂ ಮೇಸ್ತ್ರಿ ಎನ್ನುವವರ ಕೈಕೆಳಗೆ ಕೆಲಸ ಕಲಿತರು. ತಮಿಳಿನ ಎಣಿಕೆ, ಬಿಳಿ ಬಟ್ಟೆಯ ಪರೀಕ್ಷೆ ಎರಡೂ ಮೇಸ್ತ್ರಿ ಕೊಟ್ಟದ್ದು. "ಎಂಜಿನ್ ಬಾಯಿಂದ ಮಾತಾಡಲ್ಲ ಕಣ್ಲಾ, ಇಂದ್ಗಡೆಯಿಂದ ಮಾತಾಡ್ತೈತೆ, ಅಲ್ಲಿ ಕಿವಿ ಇಡು ಅಂತಿದ್ರು," ಎಂದು ನೆನೆಸಿಕೊಂಡು ಬಚ್ಚಪ್ಪ ನಗುತ್ತಾರೆ. ಬೆಳಗಿನಿಂದ ನಾನು ಕಂಡ ಮೊದಲ ನಗು ಅದು. ಎರಡು ಸಾವಿರದ ಒಂದರಲ್ಲಿ ಗಣಿ ಮುಚ್ಚಿತು. ಮೇಸ್ತ್ರಿ ಅದಾದ ಮೇಲೆ ಬಹಳ ದಿನ ಬದುಕಲಿಲ್ಲ. ಬಚ್ಚಪ್ಪ ಹತ್ತು ವರ್ಷ ಲಾರಿ ಗ್ಯಾರೇಜುಗಳಲ್ಲಿ ಅಲೆದರು. ಆಮೇಲೆ ಈ ಶೆಡ್ಡು, ಈ ಹಳೆಯ ಕಾರುಗಳು. ಹೊಸ ಗ್ಯಾರೇಜಿನವರು ಮುಟ್ಟದ ಎಂಜಿನ್ನುಗಳೆಲ್ಲ ಇವರಲ್ಲಿಗೆ ಬರುತ್ತವೆ. ತಿಂಗಳಿಗೆ ಎರಡು ಬಂದರೆ ಹೆಚ್ಚು.

ಮೇಸ್ತ್ರಿ ಇನ್ನೊಂದು ಅಭ್ಯಾಸವನ್ನೂ ಕೊಟ್ಟುಹೋಗಿದ್ದರು. ಗಣಿಯ ಶೆಡ್ಡಿನವರು ಅದನ್ನು ಎಣ್ಣೆ ಕುಡಿಸುವುದು ಎನ್ನುತ್ತಿದ್ದರು. ಎಂಜಿನ್ ಒಳಗೆ ಮಸಿ ಕಟ್ಟಿಕೊಂಡಾಗ ಅದನ್ನು ಜೋರಾಗಿ ಓಡಿಸಿ, ಸೀಮೆಎಣ್ಣೆ ಮತ್ತು ಆಯಿಲ್ ಬೆರೆಸಿ ಕಾರ್ಬೊರೇಟರ್ ಬಾಯಿಗೆ ಲೋಟದಲ್ಲಿ ಸ್ವಲ್ಪಸ್ವಲ್ಪವೇ ಹುಯ್ಯುವುದು. ಒಳಗಿನ ಮಸಿಯೆಲ್ಲ ಸುಟ್ಟು ಹೊಗೆಯಾಗಿ ಹೊರಗೆ ಬರುತ್ತದೆ. ಹತ್ತು ನಿಮಿಷದಲ್ಲಿ ಎಂಜಿನ್ ಹಗುರ. ಗಣಿಯ ಬಯಲಿನಲ್ಲಿ ಆ ಹೊಗೆ ಯಾರಿಗೂ ಲೆಕ್ಕವಿರಲಿಲ್ಲ. ಶನಿವಾರ ಸಂಜೆ ಸಾಲಾಗಿ ನಿಲ್ಲಿಸಿ ಎಲ್ಲ ಗಾಡಿಗಳಿಗೂ ಕುಡಿಸುತ್ತಿದ್ದರಂತೆ.

ಮೂರು ವರ್ಷದ ಹಿಂದೆ ಒಂದು ಸೋಮವಾರ, ಹತ್ತೂವರೆಯ ಹೊತ್ತು. ಯಾರದೋ ಕಾರಿಗೆ ಅವಸರವಿತ್ತು. ಬಚ್ಚಪ್ಪ ಅದಕ್ಕೆ ಎಣ್ಣೆ ಕುಡಿಸಿದರು. ಓಣಿಯ ತುಂಬ ದಟ್ಟ ಬಿಳಿ ಹೊಗೆ. ಅದು ನೇರವಾಗಿ ಹಸಿರು ಕಿಟಕಿಯೊಳಗೆ ಹೋಯಿತು. ಒಳಗೆ ಹದಿನೆಂಟು ಮಕ್ಕಳಿದ್ದರು. ಹದಿನೇಳು ಕೆಮ್ಮಿ ಸುಮ್ಮನಾದವು. ನವ್ಯ ಎನ್ನುವ ನಾಲ್ಕು ವರ್ಷದ ಮಗುವಿಗೆ ಮೊದಲೇ ಉಬ್ಬಸದ ತೊಂದರೆ. ತುಟಿ ನೀಲಿಗಟ್ಟಿತು. ಅಂಗನವಾಡಿಯ ಟೀಚರ್ ಇಂದ್ರಾಣಿ ಮಗುವನ್ನು ಎತ್ತಿಕೊಂಡು ಆಟೋಗೆ ಓಡಿದರು. ಮೂರು ದಿನ ಆಸ್ಪತ್ರೆ.

"ಆ ಮಗು ಉಳೀತು ಸಾರ್," ಎಂದಷ್ಟೇ ಹೇಳಿ ಬಚ್ಚಪ್ಪ ಸ್ಪ್ಯಾನರ್ ಒರೆಸುತ್ತಾರೆ. "ಈಗ ಎರಡ್ನೇ ಕ್ಲಾಸು. ದಿನಾ ಇದೇ ದಾರೀಲಿ ಸ್ಕೂಲಿಗೆ ಓಗ್ತದೆ. ನನ್ ಶೆಡ್ಡು ಬಂದ್ರೆ ಮೂಗು ಮುಚ್ಕಂತದೆ. ಎಂಜಿನ್ ಓಡ್ದೆ ಇದ್ರೂ ಮುಚ್ಕಂತದೆ. ನಾನ್ ಒಳಗ್ ಓಗಿ ನಿಂತ್ಕಂತೀನಿ, ಅದು ದಾಟೋವರ್ಗೂ."

ಇಂದ್ರಾಣಿ ಟೀಚರ್ ಪೊಲೀಸರ ಹತ್ತಿರ ಹೋಗಲಿಲ್ಲ, ಅರ್ಜಿ ಬರೆಯಲಿಲ್ಲ. ಶೆಡ್ಡಿಗೆ ಬಂದು ಒಂದೇ ಮಾತು ಹೇಳಿದರು: ಬೆಳಿಗ್ಗೆ ಅಂಗನವಾಡಿಯ ಒಂಬತ್ತೂವರೆಯ ಗಂಟೆ ಹೊಡೆದಾಗಿನಿಂದ ಮಧ್ಯಾಹ್ನ ನಾಲ್ಕರವರೆಗೆ ಇಲ್ಲಿ ಎಂಜಿನ್ ಓಡಕೂಡದು. ಹೇಳಿ ಹೋಗಿ ಕಿಟಕಿ ಹಾಕಿಕೊಂಡರು. ಅಂದಿನಿಂದ ಬಚ್ಚಪ್ಪನವರ ದಿನ ಐದು ಗಂಟೆಗೆ ಶುರುವಾಗುತ್ತದೆ. ಸೈಕಲ್ಲಿನಲ್ಲಿ ಬರುತ್ತಾರೆ. ಎಂಜಿನ್ ಕೇಳುವ ಕೆಲಸವೆಲ್ಲ ಗಂಟೆ ಹೊಡೆಯುವ ಮುಂಚೆ. ಮಿಕ್ಕ ಹೊತ್ತು ಕೈಕೆಲಸ.

ಆ ಕೈಕೆಲಸವನ್ನು ನೋಡಿದರೆ ನಮಗೇ ಸುಸ್ತಾಗುತ್ತದೆ. ಎಣ್ಣೆ ಕುಡಿಸುವುದನ್ನು ಅವರು ಪೂರ್ತಿ ಬಿಟ್ಟಿದ್ದಾರೆ. ಅದರ ಬದಲು ಎಂಜಿನ್ನಿನ ಮೇಲ್ಮುಚ್ಚಳ, ಅಂದರೆ ಹೆಡ್ ಬಿಚ್ಚಿ, ಹಿತ್ತಾಳೆಯ ಪಟ್ಟಿ ಮತ್ತು ಬಿದಿರಿನ ಕಡ್ಡಿಯಿಂದ ಮಸಿಯನ್ನು ಕೆರೆದು ಕೆರೆದು ಡಬ್ಬಕ್ಕೆ ತುಂಬುತ್ತಾರೆ. ಒಂದು ಹೆಡ್ಡಿಗೆ ಒಂಬತ್ತು ಹತ್ತು ತಾಸು. ಆಮೇಲೆ ಎಂಟು ವಾಲ್ವ್‌ಗಳನ್ನು ಒಂದೊಂದಾಗಿ ಉಜ್ಜುವ ಪೇಸ್ಟ್ ಹಚ್ಚಿ, ಕೋಲಿಗೆ ಸಿಕ್ಕಿಸಿ, ಎರಡು ಅಂಗೈ ನಡುವೆ ಮಜ್ಜಿಗೆ ಕಡೆದಂತೆ ತಿರುಗಿಸುತ್ತ ಕೂರಿಸಬೇಕು. ಒಂದಕ್ಕೆ ನಲವತ್ತು ನಿಮಿಷ. ಕಾರ್ಬೊರೇಟರ್‌ನ ತೂತುಗಳನ್ನು ಬಾಯಲ್ಲಿ ಊದಿ ನೋಡುತ್ತಾರೆ. ತೊಳೆದ ಸೀಮೆಎಣ್ಣೆಯನ್ನು ಚೆಲ್ಲುವುದಿಲ್ಲ. ಮೂರು ದಿನ ತಿಳಿಯಾಗಲು ಬಿಟ್ಟು ಸೋಸಿ ಮತ್ತೆ ಅದರಲ್ಲೇ ತೊಳೆಯುತ್ತಾರೆ. ಮೊದಲು ಹತ್ತು ನಿಮಿಷದಲ್ಲಿ ಗಾಳಿಗೆ ಹೋಗುತ್ತಿದ್ದದ್ದು ಈಗ ಎರಡು ದಿನ ಹಿಡಿಯುತ್ತದೆ. ಆ ಹೊಗೆಯೆಲ್ಲ ಈಗ ಬಚ್ಚಪ್ಪನವರ ಸೊಂಟಕ್ಕೆ, ಮಣಿಕಟ್ಟಿಗೆ ಇಳಿದಿದೆ ಎನಿಸುತ್ತದೆ. ಲೋಟ ಎತ್ತಿದರೆ ಬಲಗೈ ನಡುಗುತ್ತದೆ.

ಪೆಟ್ರೋಲಿನ ಕಾಟ ಬೇರೆ. ಈಗಿನ ಪೆಟ್ರೋಲಿಗೆ ಎಥನಾಲ್ ಬೆರೆಸಿರುತ್ತಾರಲ್ಲ, ಅದು ಹಳೆಯ ಗಾಡಿಯ ರಬ್ಬರ್ ಪೈಪು, ಪ್ಯಾಕಿಂಗುಗಳನ್ನು ತಿಂದುಹಾಕುತ್ತದೆ. "ಗಾಳಿ ಚೆನ್ನಾಗಿರ್ಲಿ ಅಂತ ಬೆರೆಸ್ತಾರೆ, ಒಳ್ಳೇದೇ. ಆದ್ರೆ ಈ ಮುದುಕಿಗೆ ಅದು ಒಗ್ಗಲ್ಲ. ಪೈಪ್ ಊದ್ಕಂಡು ತೊಟ್ಟಿಕ್ತದೆ. ತೊಟ್ಟಿಕ್ಕಿದ ಪೆಟ್ರೋಲು ಹೊಗೆಗಿಂತ ಕೆಟ್ಟದ್ದಲ್ವಾ?" ಹೊಸ ಪೆಟ್ರೋಲಿಗೆ ತಾಳುವ ಪೈಪುಗಳನ್ನು ಅಳತೆ ನೋಡಿ ಹಾಕಿದ್ದಾರೆ, ಟ್ಯಾಂಕು ಇಳಿಸಿ ತುಕ್ಕು ತೆಗೆದಿದ್ದಾರೆ. ಇಷ್ಟು ಮಾಡಿದ್ದು ವ್ಯಾನಿನ ಒಡತಿಗೂ ಗೊತ್ತಿಲ್ಲ, ಹೇಳುವ ಅಭ್ಯಾಸ ಇವರಿಗಿಲ್ಲ.

ಊರಿನಲ್ಲೂ ಇವರಿಗೆ ಒಳ್ಳೆಯ ಹೆಸರಿಲ್ಲ. ಮೊದಲೆಲ್ಲ ಕಪ್ಪಾದ ವೇಸ್ಟ್ ಆಯಿಲನ್ನು ಕ್ಯಾನಿನಲ್ಲಿ ಹಳ್ಳಿಗೆ ಒಯ್ದು ಕೇಳಿದವರಿಗೆಲ್ಲ ಕೊಡುತ್ತಿದ್ದರು. ಕೊಟ್ಟಿಗೆಯ ಕಂಬಕ್ಕೆ ಬಳಿದರೆ ಗೆದ್ದಲು ಹತ್ತುವುದಿಲ್ಲ. ಕಿಟಕಿಯ ಪ್ರಸಂಗವಾದ ಮೇಲೆ ಅದನ್ನೂ ನಿಲ್ಲಿಸಿದರು. ಕಂಬ ನೆಕ್ಕುವುದು ಹಸು, ಹಸುವಿನ ಹಾಲು ಕುಡಿಯುವುದು ಮಕ್ಕಳು ಎಂದು ಅವರ ತಲೆಗೆ ಹೊಳೆದದ್ದು ಆಗ. ಈಗ ಆಯಿಲೆಲ್ಲ ಡ್ರಮ್ಮಿನಲ್ಲಿ ಕೂಡುತ್ತದೆ, ಮೂರು ತಿಂಗಳಿಗೊಮ್ಮೆ ಶುದ್ಧಿ ಮಾಡುವವರ ಗಾಡಿ ಬಂದು ಒಯ್ಯುತ್ತದೆ. "ಕೊಡ್ತಿದ್ದಾಗ ನಾನ್ ಒಳ್ಳೇನು. ಈಗ ಜಿಪುಣ," ಎನ್ನುತ್ತಾರೆ. ದೂರಿನ ದನಿಯಲ್ಲಿ ಅಲ್ಲ, ಹವಾಮಾನ ಹೇಳಿದ ಹಾಗೆ.

ಆರೂಮುಕ್ಕಾಲಿಗೆ ಮಂಗಮ್ಮ ಬರುತ್ತಾರೆ. ಡೈರಿಗೆ ಹಾಲು ಹಾಕಿ, ಬಾಕ್ಸಿನಲ್ಲಿ ಉಪ್ಪಿಟ್ಟು ತುಂಬಿಕೊಂಡು, ಹಾಲಿನ ಗಾಡಿಯಲ್ಲೇ ಕೂತು ಬಂದಿದ್ದಾರೆ. ಮೊದಲು ನೋಡುವುದು ಗಂಡನನ್ನಲ್ಲ, ಹಗ್ಗವನ್ನು. ಈ ಬಟ್ಟೆಗಳನ್ನು ಒಗೆಯುವವರು ಅವರು. ಗಾಡಿ ಶೆಡ್ಡಿನಿಂದ ಹೋದ ಮೇಲೆ ಎಲ್ಲವನ್ನೂ ಗಂಟು ಕಟ್ಟಿ ಒಯ್ದು, ಒಗೆದು, ಮುಂದಿನ ಗಾಡಿಗೆ ಕಳಿಸುತ್ತಾರೆ.

"ಇವ್ರು ಹೊಗೆ ಕಮ್ಮಿಯಾಯ್ತು ಅಂತ ಏಳಿದ್ರೆ ನಾನ್ ನಂಬಲ್ಲ ಸಾರ್," ಎನ್ನುತ್ತಾರೆ ಮಂಗಮ್ಮ. "ಸೋಪು ಏಳ್ತದೆ ನಂಗೆ. ಕಳೆದ ಸಲ ಬಂದಿದ್ದ ಕೆಂಪು ಕಾರಿಗೆ ಎರಡು ಬಿಲ್ಲೆ ಸವೆದೋಯ್ತು. ಕೈಯೆಲ್ಲಾ ಉರಿ. ಒಂದು ದಿನ ಬರೀ ನೀರಲ್ಲಿ ಜಾಲಿಸಿ ಒಣಗಾಕೋ ಅಂಗೆ ಮಾಡಿಕೊಡಿ ನೋಡಾಣ ಅಂತೀನಿ."

ಬಟ್ಟೆಗಳೆಲ್ಲ ಒಂದು ಕಾಲದ ಪಂಚೆಗಳು. ಮದುವೆ, ಗೃಹಪ್ರವೇಶಗಳಲ್ಲಿ ಮುಯ್ಯಿಯಾಗಿ ಬಂದವು. ಬಚ್ಚಪ್ಪ ಪಂಚೆ ಉಡುವುದು ವರ್ಷಕ್ಕೆ ಎರಡು ಸಲ, ಬೀರುವಿನ ತುಂಬ ಪಂಚೆ. ಹರಿದು ತುಂಡು ಮಾಡಿದರು. ಮಂಗಮ್ಮನ ತಮ್ಮ ಸೀನಪ್ಪ ಒಮ್ಮೆ ಶೆಡ್ಡಿಗೆ ಬಂದವರು ತಾವೇ ಕೊಟ್ಟ ಪಂಚೆಯ ಜರಿ ಅಂಚನ್ನು ಗುರುತು ಹಿಡಿದು, "ನಾನ್ ಕೊಟ್ಟಿದ್ದನ್ನ ಸೈಲೆನ್ಸರ್‌ಗೆ ಉಡಿಸ್ಬಿಟ್ರಾ ಭಾವ," ಎಂದು ಮುನಿಸಿಕೊಂಡು ಆರು ತಿಂಗಳು ಮಾತು ಬಿಟ್ಟಿದ್ದರಂತೆ. ಈಗ ಮುಯ್ಯಿಗೆ ಇವರಿಗೆ ಟವೆಲ್ ತರುತ್ತಾರೆ. ಮಂಗಮ್ಮ ಇದನ್ನು ಹೇಳುವಾಗ ಗಂಡ ಹೆಂಡತಿ ಇಬ್ಬರೂ ನಗುತ್ತಾರೆ, ಬಚ್ಚಪ್ಪನವರ ನಗು ಕೆಮ್ಮಿನಲ್ಲಿ ಮುಗಿಯುತ್ತದೆ.

ಇವತ್ತು ಇಬ್ಬರಿಗೂ ಸ್ವಲ್ಪ ದಿಗಿಲು. ವ್ಯಾನಿಗೆ ಇವತ್ತೇ ಕೊನೆಯ ಗಡುವು. ಇದು ಗಣಿಯ ಕಾಲದಲ್ಲಿ ಆಸ್ಪತ್ರೆಗೆ ಓಡುತ್ತಿದ್ದ ವ್ಯಾನು. ಗುಜರಿಯಲ್ಲಿ ಬಿದ್ದಿದ್ದನ್ನು ಬೆಂಗಳೂರಿನ ಚಂದನ ಎನ್ನುವ ಹೆಣ್ಣುಮಗಳು ತೆಗೆದುಕೊಂಡಿದ್ದಾರೆ. ಅವರ ಅಜ್ಜಿ ಅದೇ ವ್ಯಾನಿನಲ್ಲಿ ನರ್ಸ್ ಆಗಿ ಕೂತು ಹೋಗುತ್ತಿದ್ದವರು. ಚಂದನ ಅವರ ಷರತ್ತು ಸರಳ. ಎಮಿಷನ್ ಟೆಸ್ಟಿನಲ್ಲಿ ಪಾಸಾದರೆ ಎಂಜಿನ್ ಇರಲಿ. ಇಲ್ಲದಿದ್ದರೆ ಅದನ್ನು ಕಳಚಿ ಬ್ಯಾಟರಿ, ಮೋಟಾರು ಕೂರಿಸುವುದು. ಆರು ವಾರದ ಹಿಂದೆ ಟೆಸ್ಟ್ ಮಾಡಿಸಿದಾಗ ಹೊಗೆಯಲ್ಲಿ ಶೇಕಡಾ ಮೂರು ದಾಟಬಾರದ ಕಾರ್ಬನ್ ಮಾನಾಕ್ಸೈಡ್ ಆರೂವರೆ ತೋರಿಸಿತ್ತು.

"ಬ್ಯಾಟರಿ ಕೆಟ್ಟದ್ದು ಅಂತ ನಾನ್ ಏಳಲ್ಲ," ಎನ್ನುತ್ತಾರೆ ಬಚ್ಚಪ್ಪ. "ದಿನಾ ಓಡೋ ಗಾಡಿಗೆ ಬ್ಯಾಟರಿನೇ ಸರಿ. ಇದು ವರ್ಷಕ್ಕೆ ಮುನ್ನೂರು ಕಿಲೋಮೀಟ್ರು ಓಡಿದ್ರೆ ಎಚ್ಚು. ಅದಕ್ಕೋಸ್ಕರ ಇನ್ನೊಂದು ಕಡೆ ಇನ್ನೊಂದು ಗಣಿ ತೋಡಿ ಆ ಬ್ಯಾಟರಿ ಸಾಮಾನು ತೆಗೀಬೇಕಾ? ಗಣಿ ತೋಡಿದ್ರೆ ಏನ್ ಉಳೀತದೆ ಅಂತ ನಮ್ಮೂರೋರಿಗೆ ಬ್ಯಾರೆಯೋರು ಏಳಿಕೊಡ್ಬೇಕಾ ಸಾರ್?" ಬೀದಿಯ ಕೊನೆಯಲ್ಲಿ, ಚಿನ್ನ ತೆಗೆದು ಉಳಿದ ಮಣ್ಣು ಸುರಿದು ಬೆಳೆದ ಸೈನೈಡ್ ದಿಬ್ಬದ ಬಿಳಿ ನೆತ್ತಿ ಬೆಳಗಿನ ಬೆಳಕಿನಲ್ಲಿ ಕಾಣುತ್ತಿತ್ತು. ಆ ಕಡೆ ಅವರು ಕೈ ಕೂಡ ತೋರಿಸಲಿಲ್ಲ.

ಇಂದ್ರಾಣಿ ಟೀಚರ್‌ಗೂ ಈ ವ್ಯಾನಿಗೂ ಒಂದು ನಂಟಿದೆ. ಕಳೆದ ತಿಂಗಳು ಬಚ್ಚಪ್ಪ ಧೈರ್ಯ ಮಾಡಿ ಕಿಟಕಿಯ ಮಾತು ಎತ್ತಿದ್ದರು. ಮಾರ್ಚ್ ಬಂತು, ಒಳಗೆ ಮಕ್ಕಳು ಬೆವೆತು ಅಳುವುದು ಶೆಡ್ಡಿಗೆ ಕೇಳಿಸುತ್ತದೆ. ಟೀಚರ್ ಕೊಟ್ಟ ಉತ್ತರ: "ಆ ದಿಬ್ಬದ ಧೂಳಿಗೆ ಬಾಗ್ಲು ಹಾಕೋಕೆ ನನ್ ಕೈಲಾಗಲ್ಲ ಬಚ್ಚಪ್ಪನೋರೇ. ನಿಮ್ ಹೊಗೆಗಾದ್ರೂ ಹಾಕ್ತೀನಿ. ಇಲ್ಲಿರೋದ್ರಲ್ಲೆಲ್ಲಾ ಹಳೇ ಗಾಡಿ ಈ ವ್ಯಾನು ತಾನೆ? ಇದು ಹೊಗೆ ಬಿಡದಂಗೆ ಮಾಡಿ ತೋರ್ಸಿ. ಬಟ್ಟೆ ನಾನೇ ಹಿಡೀತೀನಿ." ಎಂಜಿನ್ ಕಳಚಿ ಹೋದರೆ ಟೀಚರ್‌ಗೆ ತೋರಿಸಲು ಏನೂ ಇರುವುದಿಲ್ಲ. ಹಾಗಾಗಿ ಬಂಗಾರಪೇಟೆಯ ಟೆಸ್ಟು ಚಂದನ ಅವರಿಗೆ ವ್ಯಾನಿನ ವಿಷಯ. ಬಚ್ಚಪ್ಪನವರಿಗೆ ಕಿಟಕಿಯ ವಿಷಯ.

ಮಂಗಮ್ಮ ಹಸು ನೋಡಿಕೊಳ್ಳಲು ಊರಿಗೆ ಮರಳುತ್ತಾರೆ, ಎಂಟೂವರೆಗೆ ನಾವಿಬ್ಬರು ಹೊರಡುತ್ತೇವೆ. ಕಾರ್ಬೊರೇಟರ್‌ನ ಸ್ಕ್ರೂವನ್ನು ಕೊನೆಯ ಸಲ ಕೂದಲೆಳೆಯಷ್ಟು ತಿರುಗಿಸಿ, ಕಣ್ಣು ಮುಚ್ಚಿ ಕೇಳಿ, ಬಾನೆಟ್ ಹಾಕುತ್ತಾರೆ. ಬಂಗಾರಪೇಟೆಗೇ ಯಾಕೆ ಹೋಗಬೇಕು, ಇಲ್ಲೇ ಟೆಸ್ಟ್ ಮಾಡಿಸಬಹುದಲ್ಲ ಎಂದು ಕೇಳುತ್ತೇನೆ. "ತಣ್ಣಗಿರೋ ಎಂಜಿನ್ ಸುಳ್ಳೇಳ್ತದೆ. ಇಷ್ಟು ದೂರ ಓಡಿ ಬಿಸಿಯಾಗ್ಲಿ, ಆಮೇಲೆ ಏನೈತೋ ಅದನ್ನೇ ಏಳ್ತದೆ," ಎನ್ನುತ್ತಾರೆ.

ಉರಿಗಾಂನಲ್ಲಿ ಗಣಿಯ ಕಾಲದ ಲೈನುಮನೆಗಳ ಹತ್ತಿರ ರಸ್ತೆಯ ಉಬ್ಬಿಗೆ ವ್ಯಾನು ನಿಧಾನವಾಗುತ್ತದೆ. ಮನೆಯ ಮುಂದೆ ಸೊಪ್ಪು ಬಿಡಿಸುತ್ತ ಕೂತಿದ್ದ ತೀರಾ ವಯಸ್ಸಾದ ಹೆಂಗಸೊಬ್ಬರು ವ್ಯಾನನ್ನು ನೋಡಿ ಸೊಪ್ಪು ಬಿಟ್ಟು ಎದ್ದು ನಿಲ್ಲುತ್ತಾರೆ. ಕದಿರಮ್ಮ, ಗಣಿ ಕೆಲಸಗಾರರೊಬ್ಬರ ವಿಧವೆ. "ಯಾರ್ ವೀಟ್ಟುಕ್ಕುಪ್ಪಾ?" ಎನ್ನುತ್ತಾರೆ, ಎದೆಯ ಮೇಲೆ ಕೈಯಿಟ್ಟುಕೊಂಡು. ಯಾರ ಮನೆಗಪ್ಪಾ ಎಂದು ಕೇಳುತ್ತಿದ್ದಾರೆ. ಆ ಕಾಲದಲ್ಲಿ ಗಣಿಯಲ್ಲಿ ಅನಾಹುತವಾಗಿ ಈ ವ್ಯಾನು ಲೈನಿಗೆ ಬಂತೆಂದರೆ ಎಲ್ಲರೂ ಬಾಗಿಲಿಗೆ ಬಂದು ಅದು ಯಾರ ಮನೆಯ ಮುಂದೆ ನಿಲ್ಲುತ್ತದೆ ಎಂದು ಉಸಿರು ಬಿಗಿಹಿಡಿದು ನೋಡುತ್ತಿದ್ದರಂತೆ. ಬಚ್ಚಪ್ಪ ತಲೆ ಹೊರಗೆ ಹಾಕಿ, ತಮಿಳಿನಲ್ಲೇ, ಯಾರ ಮನೆಗೂ ಅಲ್ಲಮ್ಮ, ಬಂಗಾರಪೇಟೆಗೆ ಹೋಗುತ್ತಿದ್ದೇವೆ, ನೀನು ಕೂತುಕೋ ಎನ್ನುತ್ತಾರೆ. ಆಕೆ ಕೂರುವವರೆಗೂ ಗೇರ್ ಬದಲಿಸುವುದಿಲ್ಲ.

ಬಂಗಾರಪೇಟೆಯ ಟೆಸ್ಟ್ ಕೇಂದ್ರ ಒಂದು ಪೆಟ್ಟಿಗೆಯಂಗಡಿಯಷ್ಟಿದೆ. ಚಂದನ ರೈಲಿನಲ್ಲಿ ಬಂದು ಆಗಲೇ ಕಾಯುತ್ತಿದ್ದಾರೆ. ಕೇಂದ್ರದ ಹುಡುಗಿ ಮೀನಾ ಒಂಬತ್ತಕ್ಕೆ ಬೀಗ ತೆಗೆದು, ಸಾಲಿನಲ್ಲಿದ್ದ ನಾಲ್ಕು ಗಾಡಿಗಳನ್ನು ಮುಗಿಸಿ, ವ್ಯಾನಿನ ಸೈಲೆನ್ಸರ್‌ಗೆ ಕೊಳವೆ ತೂರಿಸುತ್ತಾಳೆ. ಅವಳಿಗೆ ಇದೂ ಒಂದು ಗಾಡಿ. ಬಚ್ಚಪ್ಪ ಕಂಪ್ಯೂಟರ್ ನೋಡುವುದಿಲ್ಲ. ಬೆನ್ನು ತಿರುಗಿಸಿ ನಿಂತು ಸಣ್ಣಗೆ ಎಣಿಸುತ್ತಿದ್ದಾರೆ. ಅರವತ್ತಕ್ಕೆ ಬರುವಷ್ಟರಲ್ಲಿ ಮೀನಾ, "ಒಂದು ಪಾಯಿಂಟ್ ಒಂಬತ್ತು, ಪಾಸು, ಮುಂದಿನೋರು ಬನ್ನಿ," ಎನ್ನುತ್ತಾಳೆ.

ನಾನು ಚಪ್ಪಾಳೆ ತಟ್ಟಿಬಿಟ್ಟೆ, ಸಾಲಿನಲ್ಲಿದ್ದವರು ನನ್ನನ್ನು ವಿಚಿತ್ರವಾಗಿ ನೋಡಿದರು. ಚಂದನ ಅವರ ಕಣ್ಣು ತುಂಬಿದೆ. "ಬ್ಯಾಟರಿ ಮಾತು ಇನ್ನು ಆಡಲ್ಲ ಬಚ್ಚಪ್ಪನೋರೇ. ಬನ್ನಿ, ಒಂದು ಫೋಟೋ," ಎನ್ನುತ್ತಾರೆ. ಬಚ್ಚಪ್ಪ ಚೀಟಿಯನ್ನು ಅವರ ಕೈಗಿಟ್ಟು, "ಫೋಟೋ ಆಮೇಲೆ ಆಗ್ಲಮ್ಮ. ಚೀಟಿ ನಿಮ್ದು, ಗಾಡಿನೂ ನಿಮ್ದು. ಇನ್ನೊಂದೆರಡು ಗಂಟೆ ನಂಗೆ ಬಿಟ್ಕೊಡಿ," ಎನ್ನುತ್ತಾರೆ. ಚಂದನ ಹಿಂದಿನ ಸೀಟಿನಲ್ಲಿ, ಅಜ್ಜಿ ಕೂರುತ್ತಿದ್ದ ಜಾಗದಲ್ಲಿ ಕೂತರು.

ಆಂಡರ್ಸನ್‌ಪೇಟೆ ಸೇರಿದಾಗ ಹನ್ನೊಂದು ಹತ್ತಿರವಾಗಿದೆ. ಬಚ್ಚಪ್ಪ ಬೀದಿಯ ತುದಿಯಲ್ಲೇ ಎಂಜಿನ್ ಆರಿಸುತ್ತಾರೆ. ಒಂಬತ್ತೂವರೆಯ ಗಂಟೆ ಹೊಡೆದಾಗಿದೆಯಲ್ಲ. ಅಲ್ಲಿಂದ ಶೆಡ್ಡಿನವರೆಗೆ ವ್ಯಾನನ್ನು ತಳ್ಳಿಕೊಂಡು ಹೋದೆವು, ಅವರು, ನಾನು, ಚಂದನ. ಪಾಸಾದ ಗಾಡಿಯನ್ನು ತಳ್ಳುವುದು ನನ್ನ ಜೀವನದಲ್ಲಿ ಅದೇ ಮೊದಲು. ಶೆಡ್ಡು ತಲುಪಿದಾಗ ಅವರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಹೊಸ ಪಂಚೆ ತುಂಡೊಂದನ್ನು ಜರಡಿಯ ಬಳೆಗೆ ಕಟ್ಟಿ, ಚಪ್ಪಲಿ ಬಿಟ್ಟು, ಅಂಗನವಾಡಿಯ ಬಾಗಿಲಲ್ಲಿ ನಿಂತರು.

ಇಂದ್ರಾಣಿ ಟೀಚರ್ ಹೊರಗೆ ಬಂದರು. ಐವತ್ತರ ಹತ್ತಿರದ, ಮಾತು ಕಡಿಮೆಯ ಹೆಂಗಸು. ಬಚ್ಚಪ್ಪ, "ಪಾಸಾಯ್ತು ಟೀಚರ್. ನಾಳೆ ಬೆಳಿಗ್ಗೆ ಮಕ್ಳು ಬರೋಕ್ ಮುಂಚೆ ತಾವು ಒಂದ್ಸಲ..." ಎಂದು ಶುರು ಮಾಡಿದರು.

"ಬೆಳಿಗ್ಗೆ ಯಾಕೆ? ಕಿಟಕಿ ಬೇಕಾಗಿರೋದು ಈ ಹೊತ್ನಲ್ಲಿ. ಈಗ್ಲೇ ಸ್ಟಾರ್ಟ್ ಮಾಡಿ."

"ಮಕ್ಳವ್ರೆ ಟೀಚರ್."

"ಗೊತ್ತು."

ಅಂಗನವಾಡಿಯ ಆಯಾ ಮಕ್ಕಳನ್ನು ಆ ಕಡೆಯ ಕೋಣೆಗೆ ಕರೆದುಕೊಂಡು ಹೋದರು. ಬಚ್ಚಪ್ಪ ಸೀಟಿನಲ್ಲಿ ಕೂತು ಕೀಲಿಗೆ ಕೈ ಹಾಕಿದರು. ಮೂರು ವರ್ಷದಲ್ಲಿ ಆ ಹೊತ್ತಿನಲ್ಲಿ ಅಲ್ಲಿ ಎಂಜಿನ್ ಓಡಿದ್ದು ಅದೇ ಮೊದಲು. ಟೀಚರ್ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಸೈಲೆನ್ಸರ್ ಎದುರು ಕೂತು ಬಳೆ ಹಿಡಿದರು, ಜೋರಾಗಿ ಎಣಿಸತೊಡಗಿದರು. ಒಂದು, ಎರಡು, ಮೂರು. ಆ ದನಿ ಕೇಳಿದ್ದೇ ತಡ, ಪಾಠವೆಂದುಕೊಂಡು ಒಳಗಿನಿಂದ ಮಕ್ಕಳೂ ಎಣಿಸತೊಡಗಿದವು. ಅವಕ್ಕೆ ಬರುವುದು ಇಪ್ಪತ್ತರವರೆಗೆ. ಇಪ್ಪತ್ತಕ್ಕೆ ನಿಂತವು. ಟೀಚರ್ ಮತ್ತೆ ಒಂದರಿಂದ ಶುರು ಮಾಡಿದರು. ಹೀಗೆ ಐದು ಸಲ ಇಪ್ಪತ್ತು ಎಣಿಸಿದ ಮೇಲೆ ಎದ್ದು ಬಟ್ಟೆಯನ್ನು ಬಿಸಿಲಿಗೆ ಹಿಡಿದರು.

ಬಟ್ಟೆಯ ನಡುವೆ ತೀರಾ ತೆಳುವಾದ ಬೂದಿಯ ಒಂದು ಉಂಗುರ. ಹುಡುಕಿದರೆ ಕಾಣುತ್ತದೆ. ಟೀಚರ್ ಹುಡುಕಿದರು.

"ಪೂರ್ತಿ ಬಿಳಿ ಇಲ್ಲ."

ಬಚ್ಚಪ್ಪ ಎಂಜಿನ್ ಆರಿಸಿ ಇಳಿದರು. "ಇಲ್ಲ ಟೀಚರ್. ಪೆಟ್ರೋಲ್ ಉರಿಯೋ ಎಂಜಿನ್ನು, ಪೂರ್ತಿ ಬಿಳಿ ಬರಲ್ಲ. ಬತ್ತದೆ ಅಂದ್ರೆ ಸುಳ್ಳೇಳ್ದಂಗೆ ಆಗ್ತದೆ."

ನನಗೆ ಬಚ್ಚಪ್ಪನವರ ಮೇಲೆ ಕೋಪ ಬಂತು. ಯಂತ್ರವೇ ಪಾಸು ಎಂದಿದೆ, ಆ ಚೀಟಿ ತೋರಿಸಬಾರದೇ ಎನಿಸಿತು. ಚೀಟಿ ಚಂದನ ಅವರ ಕೈಯಲ್ಲೇ ಇತ್ತು, ಬಚ್ಚಪ್ಪ ಅದನ್ನು ಕೇಳಲಿಲ್ಲ. ಟೀಚರ್ ಬಟ್ಟೆಯನ್ನು ಅವರಿಗೆ ಕೊಟ್ಟು ಒಳಗೆ ಹೋದರು. ಓಣಿಯಲ್ಲಿ ನಾವು ಮೂವರು ನಿಂತೇ ಇದ್ದೆವು. ಸ್ವಲ್ಪ ಹೊತ್ತಿನ ಮೇಲೆ ಹಸಿರು ಕಿಟಕಿಯ ಹಿಂದೆ ಚಿಲಕದ ಸದ್ದಾಯಿತು. ಬಣ್ಣ ಕಚ್ಚಿಕೊಂಡಿರಬೇಕು, ಒಳಗಿನಿಂದ ಯಾರೋ ಎರಡು ಸಲ ಗುದ್ದಿದರು. ಕಿಟಕಿಯ ಎಡಗಡೆಯ ಬಾಗಿಲು ಕಿರುಗುಟ್ಟಿ ತೆರೆದುಕೊಂಡಿತು. ಬಲಗಡೆಯದು ಮುಚ್ಚಿಯೇ ಇತ್ತು.

"ಇನ್ನೊಂದು ಆಮೇಲೆ ನೋಡೋಣ," ಎಂದು ಒಳಗಿನಿಂದ ಟೀಚರ್ ಹೇಳಿದರು. "ಒಂಬತ್ತೂವರೆ ನಿಯಮ ಹಾಗೇ ಇರುತ್ತೆ."

"ಇರ್ಲಿ ಟೀಚರ್, ಇರ್ಬೇಕು," ಎಂದರು ಬಚ್ಚಪ್ಪ.

ಶೆಡ್ಡಿಗೆ ಬಂದು ಬಟ್ಟೆಯ ಮೂಲೆಯಲ್ಲಿ ತಾರೀಕು ಬರೆದರು. ಹಗ್ಗಕ್ಕೆ ಸಿಕ್ಕಿಸಲಿಲ್ಲ. ನಾಲ್ಕಾಗಿ ಮಡಿಸಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು. ಇದು ಮಂಗಮ್ಮನ ಗಂಟಿಗೆ ಹೋಗುವಂತೆ ಕಾಣಲಿಲ್ಲ. ಮೂಲೆಯಲ್ಲಿ ಇನ್ನೊಂದು ಕಾರಿನ ಎಂಜಿನ್ ಹೆಡ್ ಕಾಯುತ್ತಿದೆ, ಒಳಗೆಲ್ಲ ಮಸಿ. ಹಿತ್ತಾಳೆಯ ಪಟ್ಟಿ ಕೈಗೆ ತೆಗೆದುಕೊಂಡು, ಹಲಗೆಯ ಮೇಲೆ ಎರಡು ಕಂತಿನಲ್ಲಿ ಕೂತರು. ಕೂತ ಜಾಗದಿಂದ ತೆರೆದ ಅರ್ಧ ಕಿಟಕಿ ಕಾಣುತ್ತದೆ. ಒಳಗೆ ಮಕ್ಕಳು ಇನ್ನೂ ಎಣಿಸುತ್ತಲೇ ಇದ್ದವು.

"ಅರ್ಧ ತೆಗೆದವ್ರೆ ಸಾರ್," ಎಂದರು ಕೆರೆಯುತ್ತ. "ಇನ್ನರ್ಧ ತೆಗೆಯೋವರ್ಗೂ ಈ ಸೊಂಟ ತಡ್ಕಂಡ್ರೆ ಸಾಕು."